ಚೌಕಟ್ಟಿನ ಹೊರಗಿದ್ದ ಮರಿ

ನಿಕಾಹ್ ಮುಗಿದಿತ್ತು, ದಸ್ತರಖಾನ ಹಾಸುವುದಕ್ಕೆ ಇನ್ನೂ ಹೊತ್ತಿತ್ತು. 2023ರ ಜೂನ್ ತಿಂಗಳ ಒಂದು ಭಾನುವಾರ, ಸಿರುಗುಪ್ಪದ ಶಾದಿಮಹಲು. ನಮ್ಮ ಅಕ್ಕನ ಮಗನ ಮೊಬೈಲು ಗಂಡಸರ ಸಾಲಿನಲ್ಲಿ ಕೈಯಿಂದ ಕೈಗೆ ದಾಟುತ್ತಿತ್ತು. ಅದರಲ್ಲಿದ್ದುದು ಮೂವತ್ತೆಂಟು ಸೆಕೆಂಡಿನ ಒಂದು ವಿಡಿಯೊ. ಈದ್ ಕಳೆದ ಮೇಲೆ, ಮೇ ತಿಂಗಳಲ್ಲಿ, ನಾವು ಮನೆಮಂದಿ ಏಳು ಜನ ಬಳ್ಳಾರಿಯಿಂದ ಕಬಿನಿಗೆ ಹೋಗಿದ್ದಾಗ ಸಫಾರಿ ಜೀಪಿನಿಂದ ತೆಗೆದದ್ದು. ಆನೆಯೊಂದು ಕಿವಿ ಅಗಲಿಸಿಕೊಂಡು, ಘೀಳಿಡುತ್ತಾ, ದೂಳೆಬ್ಬಿಸಿಕೊಂಡು ಜೀಪಿನತ್ತ ನುಗ್ಗಿ ಬರುತ್ತದೆ. ಪರದೆ ಅಲುಗಾಡುತ್ತದೆ. ಯಾರೋ ಚೀರುತ್ತಾರೆ. ಆನೆ ನಿಲ್ಲುತ್ತದೆ, ಜೀಪು ಹಿಂದಕ್ಕೆ ಓಡುತ್ತದೆ, ಕೊನೆಗೆ ಎಲ್ಲರೂ ನಗುತ್ತಾರೆ. ಹುಡುಗ ಇದಕ್ಕೆ ಯಾವುದೋ ತೆಲುಗು ಸಿನಿಮಾದ ಡೋಲಿನ ಸಂಗೀತ ಹಚ್ಚಿದ್ದ. ನೋಡಿದವರೆಲ್ಲ 'ಮಸ್ತ್' ಎಂದರು. ಆನೆಗೆ ಮದ ಬಂದಿತ್ತು ಎಂದು ಒಬ್ಬರು ತೀರ್ಪನ್ನೂ ಕೊಟ್ಟರು.

ಮೊಬೈಲು ಹೆಂಗಸರ ಕಡೆಗೂ ಹೋಯಿತು. ಮರಳಿ ಬರುವಾಗ ಅದರ ಹಿಂದೆಯೇ ನಮ್ಮ ಖಾಲಾ ಬಂದರು. ಸಿರುಗುಪ್ಪದಲ್ಲಿ ಐವತ್ತು ವರ್ಷ ಎಮ್ಮೆ ಸಾಕಿ, ಹಾಲು ಹಾಕಿ, ನಾಲ್ಕು ಮಕ್ಕಳನ್ನು ಓದಿಸಿದವರು. ಕಾಡಾನೆಯನ್ನು ಅವರು ಕಂಡವರಲ್ಲ. ನಮ್ಮನ್ನು ನೋಡಿ ಒಂದೇ ಮಾತು ಕೇಳಿದರು: "ಉಸ್ಕಾ ಬಚ್ಚಾ ಕಾಂ ಥಾ ರೇ?" ಅದರ ಮರಿ ಎಲ್ಲಿತ್ತೋ ಎಂದು.

ಮರಿ ಇತ್ತು. ಜೀಪಿನ ಎಡಕ್ಕೆ, ಲಂಟಾನದ ಪೊದೆಯ ಹಿಂದೆ ಇತ್ತು. ನಾವದನ್ನು ಕಂಡಿದ್ದೆವು. ವಿಡಿಯೊದಲ್ಲಿ ಮಾತ್ರ ಇರಲಿಲ್ಲ. ಮೂವತ್ತೆಂಟು ಸೆಕೆಂಡಿನಲ್ಲಿ ಕಾಣದ ಮರಿಯನ್ನು ಖಾಲಾ ಆ ತಾಯಿಯ ಮೈಯಲ್ಲೇ ಓದಿಬಿಟ್ಟಿದ್ದರು. ಈದ ಎಮ್ಮೆಯ ಹತ್ತಿರ ಅಪರಿಚಿತರು ಹೋದರೆ ಏನಾಗುತ್ತದೆಂದು ಬಲ್ಲವರಿಗೆ ಇದು ದೊಡ್ಡ ವಿದ್ಯೆಯೇನಲ್ಲ. ಆದರೆ ಕಥೆಗಾರರೆಂದು ಕರೆಸಿಕೊಳ್ಳುವ ನಮಗೆ ಆ ಪ್ರಶ್ನೆ ಹೊಳೆದಿರಲಿಲ್ಲವಲ್ಲ ಎಂಬ ನಾಚಿಕೆ ಊಟದ ಹೊತ್ತಿನಲ್ಲೂ ಹೋಗಲಿಲ್ಲ. ಈ ಬರಹ ಆ ಪ್ರಶ್ನೆಯಿಂದ ಹುಟ್ಟಿದ್ದು.

ಸಫಾರಿ ವಿಡಿಯೊ ಈಗ ಒಂದು ಪ್ರಕಾರವೇ ಆಗಿಬಿಟ್ಟಿದೆ. ಸಣ್ಣಕಥೆ, ಲಾವಣಿ, ಗಜಲ್ ಇದ್ದ ಹಾಗೆ ಇದಕ್ಕೂ ಒಂದು ಬಂಧ ಉಂಟು. ಆನೆ ಕಿವಿ ಅಗಲಿಸಿದಲ್ಲಿ ಆರಂಭ, ನುಗ್ಗಿದಲ್ಲಿ ಉತ್ಕರ್ಷ, ಜೀಪು ಪಾರಾದಲ್ಲಿ ಮುಕ್ತಾಯ, ಕೊನೆಗೆ ನಗು. ನೂರು ನೋಡಿದರೂ ಇದೇ ಕ್ರಮ. ಸಾಹಿತ್ಯ ವಿಮರ್ಶೆ ಮಾಡುವವರು ಇದನ್ನೇಕೆ ಮುಟ್ಟಬೇಕೆಂದು ಕೇಳಬಹುದು. ಬಳ್ಳಾರಿಯಲ್ಲಿ ಒಂದು ಕಥಾಸಂಕಲನದ ಐನೂರು ಪ್ರತಿ ಖರ್ಚಾಗಲು ವರ್ಷಗಳು ಬೇಕು. ಈ ಮೂವತ್ತೆಂಟು ಸೆಕೆಂಡುಗಳನ್ನು ಒಂದು ಮದುವೆಯ ಮಧ್ಯಾಹ್ನದಲ್ಲೇ ಇನ್ನೂರು ಜನ ನೋಡಿದರು. ಜನ ಓದುವ ಪಠ್ಯ ಇದೇ ಆಗಿರುವಾಗ ವಿಮರ್ಶೆ ಇದನ್ನು ಬಿಟ್ಟು ಎಲ್ಲಿಗೆ ಹೋಗಬೇಕು?

ಇದರ ದೋಷ ಸುಳ್ಳು ಹೇಳುವುದರಲ್ಲಿಲ್ಲ, ಪರದೆಯ ಮೇಲೆ ಕಂಡದ್ದೆಲ್ಲ ನಡೆದದ್ದೇ. ದೋಷ ಇರುವುದು ಶುರು ಮಾಡುವ ಜಾಗದಲ್ಲಿ. ಆ ಸಂಜೆ ನಡೆದದ್ದು ಹನ್ನೆರಡು ಹದಿಮೂರು ನಿಮಿಷದ ವ್ಯವಹಾರ. ಅದನ್ನಿಲ್ಲಿ ಇದ್ದ ಹಾಗೆ ಬರೆಯಬೇಕು.

ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದು, ಬತ್ತಿದ ಪಾತ್ರದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡಿನ ಆನೆಗಳು ಹಿಂಡು ಹಿಂಡಾಗಿ ಅಲ್ಲಿಗಿಳಿಯುತ್ತವೆ. ನಮ್ಮ ಜೀಪು ನಿಂತದ್ದು ಅಂಥದೊಂದು ಹಿಂಡು ನೀರಿನ ಕಡೆ ಇಳಿಯುವ ದಾರಿಯಲ್ಲಿ. ಮೂರು ಹೆಣ್ಣಾನೆ, ಒಂದು ಮರಿ. ಮರಿ ಆಗಲೇ ದಾರಿ ದಾಟಿ ಎಡಕ್ಕೆ ಹೋಗಿತ್ತು, ದೊಡ್ಡವು ಬಲಕ್ಕಿದ್ದವು. ನಡುವೆ ನಾವು.

ಮೊದಲು ಮುಂದಿನ ಹೆಣ್ಣಾನೆ ಮೇಯುವುದನ್ನು ನಿಲ್ಲಿಸಿತು. ಬಾಯಲ್ಲಿದ್ದ ಹುಲ್ಲು ಹಾಗೆಯೇ ಇತ್ತು. ಸೊಂಡಿಲನ್ನು ಕೊಕ್ಕೆಯಂತೆ ಬಾಗಿಸಿ ತುದಿಯನ್ನು ನಮ್ಮತ್ತ ಹಿಡಿಯಿತು: ವಾಸನೆ ನೋಡುವ ರೀತಿ ಅದು. ಆಮೇಲೆ ಮುಂಗಾಲಿನಿಂದ ಹುಲ್ಲು ಕೆರೆಯತೊಡಗಿತು. ಕೆರೆದದ್ದನ್ನು ತಿನ್ನಲಿಲ್ಲ. ಮೇಯುವಂತೆ ತೋರಿಸಿಕೊಳ್ಳುವ, ಆದರೆ ಮೇಯದ ಈ ನಡೆ ಆನೆಯ ಇಕ್ಕಟ್ಟಿನ ಗುರುತೆಂದು ಬಲ್ಲವರು ಬರೆದಿದ್ದಾರೆ. ಹೋಗಲೋ ನಿಲ್ಲಲೋ ಎಂದು ತಿಳಿಯದಾಗ ನಾವು ಜೇಬಿನ ಕೀಲಿಕೈ ಆಡಿಸುವುದಿಲ್ಲವೆ, ಹಾಗೆ. ಮುಂದೆ ಮಣ್ಣೆತ್ತಿ ಬೆನ್ನ ಮೇಲೆ ಎರಚಿಕೊಂಡಿತು. ತಲೆ ಕೊಡವಿತು, ಕಿವಿಗಳು ಪಟಾರನೆ ಬಡಿದವು. ಆಮೇಲೊಂದು ಗುರುಗುಟ್ಟುವ ಸದ್ದು. ಇಂಜಿನ್ ಇನ್ನೂ ಚಾಲೂ ಇದೆಯೇನೋ ಎಂದುಕೊಂಡೆವು. ಇಂಜಿನ್ ಆಫ್ ಆಗಿತ್ತು. ಆನೆಗಳು ಮನುಷ್ಯರ ಕಿವಿಗೆ ನಿಲುಕದಷ್ಟು ತಗ್ಗಿದ ಸ್ವರದಲ್ಲಿ ಮಾತಾಡಿಕೊಳ್ಳುತ್ತವೆಂದು ಕೇಟಿ ಪೇಯ್ನ್ ಎಂಬ ಅಮೆರಿಕದ ಸಂಶೋಧಕಿ 1984ರಲ್ಲಿ ಪೋರ್ಟ್‌ಲೆಂಡಿನ ಮೃಗಾಲಯದಲ್ಲಿ, ನಮ್ಮ ಏಷ್ಯಾದ ಆನೆಗಳ ಬಳಿಯೇ ನಿಂತು, ಕಂಡುಕೊಂಡರು. ನಮಗೆ ಕೇಳಿಸಿದ್ದು ಆ ಮಾತಿನ ಮೇಲಂಚು ಮಾತ್ರ ಇದ್ದೀತು.

ಜೀಪು ನಡೆಸುತ್ತಿದ್ದವನು ಹತ್ತಿರದ ಹಾಡಿಯ ಹುಡುಗ. ಅವನು ಎರಡು ಸಲ ಹೇಳಿದ: "ಬ್ಯಾಡಿ ಸಾ, ಹಿಂದಕ್ ತಕ್ಕತೀನಿ." ಎರಡೂ ಸಲ "ಒಂದು ನಿಮಿಷ" ಎಂದವರು ನಾವು. ಒಂದು ಸಲ ನಾವೇ, ಇನ್ನೊಂದು ಸಲ ನಮ್ಮ ಅಕ್ಕನ ಮಗ. ಸಂಜೆಗೆ ಇನಾಮು ಕೊಡುವವರು ಹೀಗೆ ಹೇಳುವಾಗ ಅವನೇನು ಮಾಡಬೇಕಿತ್ತು? ಆಮೇಲೆ ಆನೆ ಬಂತು. ಹತ್ತು ಮಾರು ದೂರದಲ್ಲಿ ನಿಂತಿತು. ಘೀಳಿಡುತ್ತಾ, ಕಿವಿ ಬಿಚ್ಚಿಕೊಂಡು ಬರುವುದು ಬಹುಮಟ್ಟಿಗೆ ಹುಸಿ ದಾಳಿ, ಹೆದರಿಸಿ ಓಡಿಸಲು. ನಿಜವಾಗಿ ಮುಗಿಸಲು ಬರುವ ಆನೆ ಸಾಮಾನ್ಯವಾಗಿ ಸೊಂಡಿಲು ಒಳಗೆ ಸುತ್ತಿಕೊಂಡು, ಕಿವಿ ಹಿಂದಕ್ಕೊತ್ತಿಕೊಂಡು, ಸದ್ದಿಲ್ಲದೆ ಬರುತ್ತದೆ. ಆದರೆ ಈ ಲೆಕ್ಕವನ್ನು ನಂಬಿ ಯಾರೂ ನಿಲ್ಲಬಾರದು. ಹುಸಿಯಾಗಿ ಶುರುವಾದದ್ದು ನಿಜವಾಗಿ ಮುಗಿದ ಉದಾಹರಣೆಗಳು ಬೇಕಾದಷ್ಟಿವೆ.

ಅಂದರೆ ಆನೆ ಆರೇಳು ಸಲ ಹೇಳಿತ್ತು, ಹುಡುಗ ಎರಡು ಸಲ ಹೇಳಿದ್ದ. ವಿಡಿಯೊ ಶುರುವಾಗುವುದು ಇದೆಲ್ಲ ಮುಗಿದ ಮೇಲೆ. ಮೂಲ ಚಿತ್ರಿಕೆಯ ಆರಂಭದಲ್ಲಿ ಹುಡುಗನ 'ಬ್ಯಾಡಿ ಸಾ' ಅರ್ಧ ಕೇಳಿಸುತ್ತಿತ್ತು. ಡೋಲಿನ ಸಂಗೀತ ಹಚ್ಚಿದಾಗ ಅದೂ ಹೋಯಿತು. ಕಾರಣವನ್ನು ಕತ್ತರಿಸಿ ಬರೀ ಕೋಪವನ್ನು ತೋರಿಸಿದರೆ ಯಾವ ತಾಯಿಯಾದರೂ ಹುಚ್ಚಿಯಂತೆಯೇ ಕಾಣುತ್ತಾಳೆ.

'ಮದ' ಎಂಬ ಆ ತೀರ್ಪಿನ ಬಗ್ಗೆ ಎರಡು ಮಾತು. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತ ನಮಗೆ ಆನೆ ಎರಡು ಸಲ ಸಿಕ್ಕಿತು. ಕನ್ನಡದಲ್ಲಿ ಅದು ಎರಡನೆಯ ಅಕ್ಷರಕ್ಕೇ ಬಂತು, 'ಆ' ಎಂದರೆ ಆನೆ. ಉರ್ದು ಕಾಯಿದೆಯಲ್ಲಿ 'ಹೇ' ಅಕ್ಷರದ ಹಾಥಿಗಾಗಿ ಪುಸ್ತಕದ ಕೊನೆಯವರೆಗೂ ಕಾಯಬೇಕು. ಹಾಥಿ ಎಂದರೆ ಕೈಯುಳ್ಳದ್ದು, ಸಂಸ್ಕೃತದ ಹಸ್ತಿಯೇ. ಇನ್ನು 'ಮಸ್ತ್' ಫಾರಸಿಯದು, ಅಮಲೇರಿದ ಎಂದರ್ಥ. ಸೂಫಿಗಳು ದೇವಪ್ರೇಮದಲ್ಲಿ ಮೈಮರೆತವರಿಗೂ ಇದೇ ಪದ ಬಳಸಿದರು. ಮಾವುತರ ಬಾಯಿಂದ ಅದು ಇಂಗ್ಲಿಷಿಗೆ ಹೋಗಿ ಪ್ರಾಣಿಶಾಸ್ತ್ರದ ಪಾರಿಭಾಷಿಕವಾಯಿತು. ನಮ್ಮ ಬಳ್ಳಾರಿಯ ಬೀದಿಯಲ್ಲಿ ಅದು ಬಿರಿಯಾನಿಗೂ ಸಿನಿಮಾಕ್ಕೂ ಸಲ್ಲುವ ಹೊಗಳಿಕೆ. ಶಾಸ್ತ್ರದ ಪ್ರಕಾರ ಮದವೆಂಬುದು ಬೆಳೆದ ಗಂಡಾನೆಯಲ್ಲಿ ಕಾಲಕಾಲಕ್ಕೆ ಬರುವ ಸ್ಥಿತಿ. ಕಣ್ಣು ಕಿವಿಗಳ ನಡುವಿನ ಗ್ರಂಥಿ ಒಸರಿ ಕೆನ್ನೆ ತೊಯ್ಯುತ್ತದೆ, ಮೂತ್ರ ತೊಟ್ಟಿಕ್ಕುತ್ತದೆ, ರಕ್ತದಲ್ಲಿ ಗಂಡು ಹಾರ್ಮೋನು ಏರುತ್ತದೆ. ನಮ್ಮ ದೇಶದವರಿಗೆ ಸಾವಿರಾರು ವರ್ಷಗಳಿಂದ ಗೊತ್ತಿದ್ದ ಈ ಸಂಗತಿ ಆಫ್ರಿಕದ ಆನೆಗಳಲ್ಲೂ ಉಂಟೆಂದು ಜಾಯ್ಸ್ ಪೂಲ್ ಮತ್ತು ಸಿಂಥಿಯಾ ಮಾಸ್ ಪ್ರಕಟಿಸಿದ್ದು 1981ರಲ್ಲಿ. ನಮ್ಮ ವಿಡಿಯೊದ ಆನೆ ಹೆಣ್ಣು. ಮದದ ಪ್ರಶ್ನೆಯೇ ಇರಲಿಲ್ಲ. ಆದರೂ ಆ ಪದ ಎಷ್ಟು ಸುಲಭವಾಗಿ ಬಂತು ನೋಡಿ. ಪತ್ರಿಕೆಗಳ 'ಪುಂಡಾನೆ' ಕೂಡ ಹೀಗೆಯೇ. ಆನೆ ಹೊಲಕ್ಕೇಕೆ ಬಂತು, ಅದು ನಡೆದ ದಾರಿಯಲ್ಲಿ ಈಗೇನಿದೆ ಎಂಬ ವಿಚಾರಣೆಗೆ ಮೊದಲೇ ಶಿಕ್ಷೆ ಓದಿಬಿಡುವ ಪದ ಅದು. ಚಾಮರಾಜನಗರ, ಸತ್ಯಮಂಗಲದ ಕಾಡುಗಳಲ್ಲಿ 1980ರ ದಶಕದಲ್ಲಿ ದುಡಿದ ವಿಜ್ಞಾನಿ ಆರ್. ಸುಕುಮಾರ್, ಹೊಲಕ್ಕೆ ನುಗ್ಗುವುದರಲ್ಲಿ ಗಂಡಾನೆಗಳ ಪಾಲೇ ಹೆಚ್ಚೆಂದೂ ಅದರ ಹಿಂದೆ ಲಾಭ ಅಪಾಯಗಳ ಲೆಕ್ಕಾಚಾರ ಇದೆಯೆಂದೂ ತೋರಿಸಿಕೊಟ್ಟಿದ್ದಾರೆ. ಪುಂಡತನಕ್ಕೆ ಅಲ್ಲಿ ಜಾಗವಿಲ್ಲ. ಹಾಗೆಂದು ಫಸಲು ಕಳೆದುಕೊಂಡ ರೈತನ ಮುಂದೆ ನಿಂತು ಈ ಮಾತನ್ನು ನಿರಾಳವಾಗಿ ಹೇಳುವ ಧೈರ್ಯ ನಮಗೂ ಇಲ್ಲ.

ಕಬಿನಿಯ ಸಫಾರಿಗೆ ಹೋದವರೆಲ್ಲ ಕೇಳುವ ಹೆಸರು ಕಾರಾಪುರ. ಅಲ್ಲಿ 1924ರಲ್ಲಿ ಒಬ್ಬ ಮುಸಲ್ಮಾನ ಮಾವುತನ ಮಗನಾಗಿ ಸಾಬು ಹುಟ್ಟಿದ. ತಂದೆ ತೀರಿಕೊಂಡ ಮೇಲೆ ಮೈಸೂರು ಅರಮನೆಯ ಆನೆಲಾಯದಲ್ಲಿ ಬೆಳೆದ. ರಾಬರ್ಟ್ ಫ್ಲಾಹರ್ಟಿ ಎಂಬ ಸಾಕ್ಷ್ಯಚಿತ್ರಕಾರ ಕಿಪ್ಲಿಂಗನ ಕಥೆಯೊಂದನ್ನು ಸಿನಿಮಾ ಮಾಡಲು ಮೈಸೂರಿಗೆ ಬಂದಾಗ ಈ ಹುಡುಗ ಸಿಕ್ಕಿದ. 1937ರಲ್ಲಿ ಬಂದ ಆ ಚಿತ್ರ 'ಎಲಿಫೆಂಟ್ ಬಾಯ್'. ಫ್ಲಾಹರ್ಟಿ ಮತ್ತು ಜೋಲ್ಟನ್ ಕೋರ್ಡಾ ಇಬ್ಬರಿಗೂ ಆ ವರ್ಷ ವೆನಿಸ್‌ನಲ್ಲಿ ನಿರ್ದೇಶನದ ಪ್ರಶಸ್ತಿ ಬಂತು. ಹುಡುಗ ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. 'ಥೀಫ್ ಆಫ್ ಬಗ್ದಾದ್', 'ಜಂಗಲ್ ಬುಕ್' ಮಾಡಿದ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಬಂದೂಕುಗಾರನಾಗಿ ಪದಕ ಪಡೆದ. 1963ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿಗೆ ತೀರಿಕೊಂಡ. ಕನ್ನಡದ ನೆಲದ ಈ ಹುಡುಗನನ್ನು ಕನ್ನಡವಾಗಲಿ ಇಲ್ಲಿನ ಉರ್ದುವಾಗಲಿ ತನ್ನವನೆಂದು ಗಟ್ಟಿಯಾಗಿ ಹೇಳಿಕೊಳ್ಳಲಿಲ್ಲ ಎಂಬ ಕೊರಗು ನಮಗಿದೆ.

ಕಬಿನಿಯಿಂದ ಬಂದ ಮೇಲೆ ನಾವು ಆ ಚಿತ್ರವನ್ನು ಮತ್ತೆ ನೋಡಿದೆವು. ಸ್ಟುಡಿಯೊದಲ್ಲಿ ಸೇರಿಸಿದ ಭಾಗಗಳು ಈಗ ಸಹಿಸಲು ಕಷ್ಟ. ಬಿಳಿಯ ಬೇಟೆಗಾರ ಸಾಹೇಬನ ದೊಡ್ಡಸ್ತಿಕೆ, ಹುಡುಗನ ಬಾಯಿಗೆ ತುರುಕಿದ ಇಂಗ್ಲಿಷು ಎಲ್ಲವೂ ಸಾಮ್ರಾಜ್ಯದ ಕಾಲದ ಮಾಮೂಲು ಸರಕು. ಆದರೆ ಮೈಸೂರು ಸೀಮೆಯಲ್ಲಿ ತೆಗೆದ ದೃಶ್ಯಗಳು ಬೇರೆಯೇ. ಹುಡುಗ ಆನೆಯ ಮೈ ತೊಳೆಯುವುದು, ಅದರ ಮೇಲೆ ಮಲಗುವುದು, ಕಿವಿಯ ಹಿಂದೆ ಕಾಲಿಟ್ಟು ಕೂರುವುದು. ಅಲ್ಲಿ ನಟನೆ ಇಲ್ಲ. ಅವನ ಕಾಲ ಬೆರಳಿಗೆ ಆನೆಯ ಭಾಷೆ ಗೊತ್ತು. ಕಥೆಯಲ್ಲಿಯೂ ಒಂದು ಮಾತು ಗಮನಿಸಬೇಕು. ಮಾವುತ ತಂದೆ ಸತ್ತಾಗ ಕಾಲಾನಾಗ್ ಎಂಬ ಆನೆ ರೊಚ್ಚಿಗೇಳುತ್ತದೆ, ಮುಂದೆ ಹೊಸ ಮಾವುತನ ಕ್ರೌರ್ಯಕ್ಕೆ ತಿರುಗಿ ಬೀಳುತ್ತದೆ. ಆಗ ಎಲ್ಲರೂ ಅದನ್ನು ಕೊಲ್ಲಬೇಕೆನ್ನುತ್ತಾರೆ, ಹುಡುಗನೊಬ್ಬನೇ ಅದರ ಕಾರಣ ಬಲ್ಲ. ಕೋಪಕ್ಕೆ ಮುಂಚಿನ ಕಥೆಯನ್ನು ಆ ಹಳೆಯ, ಅರೆಬೆಂದ ಸಿನಿಮಾ ಹೇಳಿತ್ತು. ನಮ್ಮ ಅಕ್ಕನ ಮಗನ ಕೈಯಲ್ಲಿದ್ದ ಯಂತ್ರ ಫ್ಲಾಹರ್ಟಿಯ ಕ್ಯಾಮರಾಕ್ಕಿಂತ ನೂರು ಪಾಲು ಸಮರ್ಥವಾದದ್ದು. ಅದು ಹೇಳಲಿಲ್ಲ.

ಸಾಬುವಿನ ಸುತ್ತಲಿನ ಆ ಲೋಕ ಮುಗ್ಧ ಲೋಕವೇನೂ ಆಗಿರಲಿಲ್ಲ ಎಂಬುದನ್ನೂ ಸೇರಿಸಬೇಕು. ಮೈಸೂರಿನಲ್ಲಿ ಖೆಡ್ಡಾ ಎಂಬ ಆನೆ ಹಿಡಿಯುವ ಪದ್ಧತಿಯನ್ನು 1873-74ರಲ್ಲಿ ತಂದವನು ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ. ತಮಟೆ, ಪಂಜು, ಕೂಗುಗಳಿಂದ ಇಡೀ ಹಿಂಡನ್ನು ನದಿ ದಾಟಿಸಿ ಮರದ ಕೋಟೆಯೊಳಕ್ಕೆ ಅಟ್ಟುವುದು ಅದರ ಕ್ರಮ. ಕಾಕನಕೋಟೆಯ ಖೆಡ್ಡಾ ವೈಸರಾಯರಿಗೂ ಅತಿಥಿಗಳಿಗೂ ತೋರಿಸುವ ತಮಾಷೆಯಾಗಿ ಬೆಳೆಯಿತು. ಗ್ಯಾಲರಿಯಲ್ಲಿ ಕುಳಿತು ಆನೆಯ ದಿಗಿಲು ನೋಡುವ ಅಭ್ಯಾಸ ನಮ್ಮ ಜೀಪಿನಿಂದ ಶುರುವಾದದ್ದಲ್ಲ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟಿನ ನೀರು ಆ ನೆಲದ ಮೇಲೆ ನಿಂತಿತು. ನಾವು ಆ ಸಂಜೆ ನೋಡಿದ ಹಸಿರು ಹುಲ್ಲು ಆ ನೀರು ಇಳಿದಾಗ ಬೆಳೆದದ್ದು. ಮಾಸ್ತಿಯವರ 'ಕಾಕನಕೋಟೆ' ನಾಟಕ ಓದಿದವರಿಗೆ ಆ ಕಾಡು ಕಾಡುಕುರುಬರದೆಂಬುದೂ ನೆನಪಿರುತ್ತದೆ. ಹಾಡಿಯ ಹುಡುಗನ ಮಾತು ಯಾರ ಮಾತು ಎಂಬುದಕ್ಕೆ ಇದನ್ನು ಹೇಳಿದೆವು.

ಕನ್ನಡದ ಪರದೆ ಈ ವಿಷಯದಲ್ಲಿ ಏನು ಮಾಡಿದೆ? 1973ರ 'ಗಂಧದ ಗುಡಿ' ಕಾಡನ್ನು ಜನರ ಪ್ರೀತಿಗೆ ತಂದ ದೊಡ್ಡ ಚಿತ್ರ. ಆದರೆ ಕಾಡು ಅದರಲ್ಲಿ ನಾಯಕನ ಕರ್ತವ್ಯದ ರಂಗಸ್ಥಳ. 2022ರ ಅಕ್ಟೋಬರಿನಲ್ಲಿ, ಪುನೀತ್ ರಾಜ್‌ಕುಮಾರ್ ತೀರಿಹೋದ ವರ್ಷದ ನಂತರ, ಅಮೋಘವರ್ಷ ನಿರ್ದೇಶನದಲ್ಲಿ ಬಂದ ಅದೇ ಹೆಸರಿನ ಸಾಕ್ಷ್ಯಚಿತ್ರದಲ್ಲಿ ನಾಯಕ ಕಾಡಿನಲ್ಲಿ ಕಲಿಯುವವನಾಗಿ ನಡೆಯುತ್ತಾನೆ. ಬಳ್ಳಾರಿಯ ಚಿತ್ರಮಂದಿರದಲ್ಲಿ ಜನ ಅತ್ತದ್ದು ಪುನೀತರಿಗಾಗಿ, ಕಾಡಿಗಾಗಿ ಅಲ್ಲ. ಅದರಲ್ಲಿ ತಪ್ಪೇನಿಲ್ಲ. ಆದರೂ ಅಷ್ಟು ದೊಡ್ಡ ತಾರೆಯೊಬ್ಬ ಕಾಡಿನ ಮುಂದೆ ಚಿಕ್ಕವನಾಗಿ ನಿಲ್ಲುವುದನ್ನು ನಮ್ಮ ಹುಡುಗರು ನೋಡಿದ್ದು ಒಳ್ಳೆಯದಾಯಿತು. 2023ರಲ್ಲಿ ಆಸ್ಕರ್ ಪಡೆದ 'ದಿ ಎಲಿಫೆಂಟ್ ವಿಸ್ಪರರ್ಸ್' ನಮ್ಮ ಗಡಿಯಾಚೆಯ ಮುದುಮಲೆಯದು. ಬೊಮ್ಮನ್, ಬೆಳ್ಳಿ ಎಂಬ ಕಾಟ್ಟುನಾಯಕ ದಂಪತಿ ತಬ್ಬಲಿ ಮರಿ ರಘುವನ್ನು ಬೆಳೆಸುವ ಕಥೆ. ಅದರ ತಾಯಿ ಸತ್ತದ್ದು ವಿದ್ಯುತ್ ತಗುಲಿ. ಹೆಸರಿನಲ್ಲಿ ಪಿಸುಮಾತೆಂಬ ಪವಾಡದ ವಾಸನೆ ಇದ್ದರೂ ಚಿತ್ರದೊಳಗೆ ಇರುವುದು ಅನ್ನದ ಉಂಡೆ, ಸ್ನಾನ, ಗಂಟೆ, ಬೈಗುಳ, ಕೈ. ಮುದುಮಲೆಯಂಥ ಶಿಬಿರಗಳ ಆನೆಗಳು ಮರ ಎಳೆದ ಕಾಲದ ಲೆಕ್ಕವನ್ನು, ಆ ಜನರಿಗೂ ಇಲಾಖೆಗೂ ಇರುವ ಸಂಬಂಧವನ್ನು ಚಿತ್ರ ಮುಟ್ಟುವುದಿಲ್ಲ ಎಂಬ ಆಕ್ಷೇಪ ನಮ್ಮದು. ಆದರೆ ಅದು ಅವಸರ ಮಾಡುವುದಿಲ್ಲ, ಆನೆ ಏನೂ ಮಾಡದೆ ನಿಂತಿರುವುದನ್ನು ತೋರಿಸುವ ತಾಳ್ಮೆ ಅದಕ್ಕಿದೆ. ಈ ಒಂದು ಗುಣಕ್ಕಾಗಿ ಅದನ್ನು ಎರಡು ಸಲ ನೋಡಬಹುದು.

ನಾವು ಕಬಿನಿಯಲ್ಲಿದ್ದಾಗ ಅಲ್ಲಿಗೆ ಹತ್ತಿರದ ಬಳ್ಳೆ ಶಿಬಿರದ ಅರ್ಜುನ ಇನ್ನೂ ಬದುಕಿತ್ತು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕಿದ ಆನೆ. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ 750 ಕಿಲೋ ತೂಕದ ಅಂಬಾರಿ ಹೊತ್ತದ್ದು. ಅಂಬಾರಿ ಎಂಬ ಮಾತೂ ಫಾರಸಿಯ ಅಮಾರಿಯಿಂದ ಬಂದದ್ದೇ. ಅದಕ್ಕೂ ಹಿಂದೆ ಒಬ್ಬ ಮಾವುತನ ಸಾವಿಗೂ ಅರ್ಜುನ ಕಾರಣವಾಗಿತ್ತು. ಅದೇ ವರ್ಷದ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗವೊಂದರೊಡನೆ ಕಾದಾಡಿ ಸತ್ತಿತು. ಆಗಲೂ ಒಂದು ವಿಡಿಯೊ ಊರೂರು ತಿರುಗಿತು: ಮಾವುತ ಸತ್ತ ಆನೆಯನ್ನು ತಬ್ಬಿಕೊಂಡು ಅಳುತ್ತಿರುವುದು. ಅದು ಕೂಡ ಸಣ್ಣದೇ, ಅದೂ ಅಲುಗಾಡುವ ಚಿತ್ರಿಕೆಯೇ. ಆದರೆ ಅದರಲ್ಲಿ ಮನುಷ್ಯ ಚೌಕಟ್ಟಿನ ಒಳಗಿದ್ದ. ನೋಡಿದವರಿಗೆ ಮುಂಚಿನ ಕಥೆ ಬೇಕೆನಿಸಿತು. ಅರ್ಜುನನನ್ನು ಅಲ್ಲಿಗೆ ಯಾಕೆ ಒಯ್ದರು, ಆ ವಯಸ್ಸಿನಲ್ಲಿ ಒಯ್ಯಬೇಕಿತ್ತೆ ಎಂದು ನಾಡೇ ಕೇಳಿತು. ಅದಕ್ಕೆ ಮೂರು ತಿಂಗಳ ಹಿಂದೆ ಆಲೂರಿನ ಬಳಿ, ಗಾಯಗೊಂಡ ಕಾಡಾನೆಗೆ ಚಿಕಿತ್ಸೆಗಾಗಿ ಅರಿವಳಿಕೆ ಹೊಡೆಯಲು ಹೋದ ಅನುಭವಿ ಶೂಟರ್ ಒಬ್ಬರು ಅದೇ ಆನೆಯಿಂದ ಸತ್ತಿದ್ದರು. ಬಲ್ಲವರೇ ಸಾಯುವ ಜಾಗ ಅದು. 2025ರ ಆಗಸ್ಟಿನಲ್ಲಿ ಬಂಡೀಪುರದ ಕೆಕ್ಕನಹಳ್ಳಿಯ ಬಳಿ ಸೆಲ್ಫಿಗಾಗಿ ಆನೆಯ ಹತ್ತಿರ ಹೋದ ಒಬ್ಬನನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿ ತುಳಿಯಿತು. ಹೇಗೋ ಬದುಕಿದ. ಇಲಾಖೆ 25,000 ರೂಪಾಯಿ ದಂಡ ಹಾಕಿತು. ಅವನನ್ನು ಬಯ್ದು ಬರೆದ ಸಾವಿರಾರು ಮಾತುಗಳಲ್ಲಿ ನಮ್ಮದೂ ಒಂದು ಇರಬಹುದಿತ್ತು. ನಮ್ಮ 'ಒಂದು ನಿಮಿಷ' ನೆನಪಾಗಿ ಸುಮ್ಮನಾದೆವು.

ಇಲ್ಲಿ ಬಷೀರರ ನೆನಪಾಗುತ್ತದೆ. ವೈಕಂ ಮುಹಮ್ಮದ್ ಬಷೀರರ 1951ರ ಮಲಯಾಳ ಕಾದಂಬರಿಯ ಹೆಸರೇ ಅಜ್ಜನಿಗೊಂದು ಆನೆಯಿತ್ತು ಎಂದು. ಕುಞ್ಞುಪಾತ್ತುಮ್ಮಳ ತಾಯಿ ತನ್ನ ತಂದೆಗಿದ್ದ ದೊಡ್ಡ ಸಲಗದ ಬಡಾಯಿಯಲ್ಲೇ ಬದುಕುತ್ತಾಳೆ. ಮನೆತನ ಮುಳುಗಿದರೂ ಆನೆಯ ಹೆಮ್ಮೆ ಮುಳುಗುವುದಿಲ್ಲ. ಕೊನೆಗೆ ಓಣಿಯ ಮಕ್ಕಳು ಆ ಆನೆ ಕುಳಿಯಾನೆ ಎಂದು ಗೇಲಿ ಮಾಡುತ್ತಾರೆ. ಕುಳಿಯಾನೆ ಎಂದರೆ ಮರಳಿನಲ್ಲಿ ಬಟ್ಟಲಿನಂಥ ಗುಳಿ ತೋಡಿ ಕೂರುವ ಒಂದು ಪುಟ್ಟ ಹುಳು. ಶಾದಿಮಹಲಿನಲ್ಲಿ ಮೊಬೈಲು ತೋರಿಸುತ್ತಿದ್ದ ನಮಗೂ ಆ ತಾಯಿಗೂ ಏನು ವ್ಯತ್ಯಾಸ? ಅವಳಿಗೆ ಅಜ್ಜನ ಆನೆ, ನಮಗೆ ಮೂವತ್ತೆಂಟು ಸೆಕೆಂಡಿನ ಆನೆ. ಬಷೀರರು ಆ ಹೆಂಗಸನ್ನು ನಗುತ್ತಲೇ ಪ್ರೀತಿಸುತ್ತಾರೆ. ನಮ್ಮ ವಿಡಿಯೊ ನೋಡಿದ್ದರೆ ನಮಗೂ ಅಷ್ಟು ಕರುಣೆ ಸಿಗುತ್ತಿತ್ತೋ ಇಲ್ಲವೋ.

ಬಳ್ಳಾರಿ ಆನೆಯ ಸೀಮೆಯಲ್ಲ. ಸಂಗನಕಲ್ಲು, ಕಪ್ಪಗಲ್ಲಿನ ಬಂಡೆಗಳ ಮೇಲೆ ಹಿರಿಯರು ಕುಟ್ಟಿ ಬಿಡಿಸಿದ್ದು ಹೆಚ್ಚಾಗಿ ಗೂಳಿಗಳನ್ನು. ಕುರುಗೋಡಿನಲ್ಲಿ ಊರಿಗೇ ದೊಡ್ಡವನು ಏಕಶಿಲೆಯ ದೊಡ್ಡಬಸವಣ್ಣ. ದರೋಜಿಯಲ್ಲಿ ಕರಡಿ ಇವೆ. ನಮ್ಮ ಕಡೆಯ ಮಕ್ಕಳು ಮುಟ್ಟಿ ನೋಡಿದ ಆನೆ ಎಂದರೆ ಹಂಪಿಯ ವಿರೂಪಾಕ್ಷ ಗುಡಿಯ ಲಕ್ಷ್ಮಿ, ಒಂದು ರೂಪಾಯಿ ಇಸಿದುಕೊಂಡು ತಲೆ ಮೇಲೆ ಸೊಂಡಿಲಿಡುತ್ತಿದ್ದದ್ದು. ರಾಜ್ಯದಲ್ಲಿ 2023ರ ಎಣಿಕೆಯಂತೆ 6,395 ಆನೆಗಳು, 2025ರಲ್ಲಿ ಪ್ರಕಟವಾದ ಡಿಎನ್‌ಎ ಆಧಾರದ ಅಂದಾಜಿನಂತೆ 6,013. ವಿಧಾನ ಬೇರೆಯಾದ್ದರಿಂದ ಇಳಿಯಿತೆಂದು ಹೇಳಲಾಗದು, ಎರಡರಲ್ಲೂ ದೇಶದಲ್ಲಿ ನಾವೇ ಮೊದಲು. ಅವುಗಳಲ್ಲಿ ಒಂದೂ ನಮ್ಮ ಹೊಲಕ್ಕೆ ಬರುವುದಿಲ್ಲ. ಹಾಸನದ, ಕೊಡಗಿನ ಜನರಿಗೆ ಆನೆ ನಿತ್ಯದ ನೆರೆಹೊರೆ, ನಮಗೆ ಅದು ಪ್ರವಾಸ. ಇಷ್ಟು ದೂರ ಇರುವವರ ಕಣ್ಣನ್ನು ತಿದ್ದುವುದಾಗಲಿ ಕೆಡಿಸುವುದಾಗಲಿ ಈ ಚಿತ್ರಗಳ ಕೈಯಲ್ಲೇ ಇದೆ.

ಆದರೂ ಈ ಸೀಮೆಗೆ ಆನೆಯ ಒಂದು ಹಳೆಯ ಮಾತು ಇದೆ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೊಳಂಗಳಲ್ಲಿ ಅಶೋಕನ ಬಂಡೆಶಾಸನಗಳಿವೆ. ಅದೇ ಗುಂಪಿಗೆ ಸೇರಿದ, ಗಡಿಯಾಚೆ ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಿ ಆನೆ ಏರುವವರನ್ನೂ ಲಿಪಿಕಾರರನ್ನೂ ಒಂದೇ ಸಾಲಿನಲ್ಲಿ ಹೆಸರಿಸಿ, ಹಳೆಯ ಕ್ರಮದಂತೆ ಶಿಷ್ಯರಿಗೆ ಕಲಿಸಿರೆಂದು ಆಜ್ಞಾಪಿಸಲಾಗಿದೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಮಾವುತ ಮತ್ತು ಬರಹಗಾರ ಇಬ್ಬರೂ ಮೇಷ್ಟ್ರುಗಳೇ. ಈಗ ಬರಹಗಾರನಿಗೆ ಅಷ್ಟಿಷ್ಟು ಸನ್ಮಾನವಾದರೂ ಉಳಿದಿದೆ. ಹಾಡಿಯ ಹುಡುಗನಿಗೆ ಇನಾಮು.

ಖಾಲಾ ನಮ್ಮ ಬಾಲ್ಯದಲ್ಲಿ ಹೇಳುತ್ತಿದ್ದ ಆನೆಯ ಕಥೆ ಒಂದೇ. ಫೀಲ್ ಸೂರಾ ಬಾಯಿಪಾಠ ಮಾಡಿಸಿ, ಅಬ್ರಹನ ಆನೆ ಮಕ್ಕಾದ ದಿಕ್ಕಿಗೆ ಮೊಣಕಾಲೂರಿ ಕೂತುಬಿಟ್ಟಿತು, ಹೊಡೆದರೂ ಏಳಲಿಲ್ಲ, ಯಮನಿನ ಕಡೆ ತಿರುಗಿಸಿದರೆ ಎದ್ದು ಓಡಿತು ಎಂದು ಸೀರತ್‌ನ ಕಥೆ ಹೇಳುವರು. ನಾವು ಪಕ್ಷಿಗಳ ಕಥೆ ಕೇಳಲು ಅವಸರ ಮಾಡುತ್ತಿದ್ದೆವು. ಅವರು ಮಾತ್ರ ಆನೆ ಕೂತ ಜಾಗದಲ್ಲೇ ಬಹಳ ಹೊತ್ತು ನಿಲ್ಲುತ್ತಿದ್ದರು. ಹೊಡೆದದ್ದು ಎಲ್ಲಿಗೆ, ಅದು ಹೇಗೆ ನರಳಿತು ಎಂದು.

ಆ ವರ್ಷ ದಸರಾ ರಜೆಯಲ್ಲಿ ಕುರುಗೋಡಿನ ಶಿಕ್ಷಕ ಮಿತ್ರರೊಬ್ಬರು ಮಕ್ಕಳಿಗೆ ಕಥೆ ಬರೆಯುವ ಶಿಬಿರ ಇಟ್ಟು ನಮ್ಮನ್ನು ಕರೆದರು. ಬೇರೇನೂ ತೋಚದೆ ಈ ವಿಡಿಯೊವನ್ನೇ ಸಂಗೀತ ತೆಗೆದು ತೋರಿಸಿದೆವು. ಇದಕ್ಕೂ ಮುಂಚೆ ಏನು ನಡೆದಿತ್ತು, ಬರೆಯಿರಿ ಎಂದೆವು. ಮೂವತ್ತೊಂದು ಹಾಳೆಗಳು ಬಂದವು. ಹೆಚ್ಚಿನವರು ದಂತಚೋರರನ್ನು ತಂದಿದ್ದರು, ಸಿನಿಮಾದ ಪ್ರಭಾವ. ಹೆಣ್ಣಾನೆಗೆ ದಂತವಿಲ್ಲವೆಂದು ಯಾರೂ ಗಮನಿಸಿರಲಿಲ್ಲ. ಒಬ್ಬ ಹುಡುಗಿಯ ಆನೆಗೆ ಡಿಜೆ ಸದ್ದು ಕೇಳಿ ತಲೆನೋವು ಬಂದಿತ್ತು. ಒಬ್ಬ ಕುರಿ ಕಾಯುವವರ ಹುಡುಗ ಮಾತ್ರ ನಾಲ್ಕೇ ಸಾಲು ಬರೆದಿದ್ದ. ಮುಂಚೆ ಏನೂ ನಡೆದಿರಲಿಲ್ಲ, ಆನೆ ಮನೆಯವರು ನೀರಿಗೆ ಹೊರಟಿದ್ದರು, ಅರ್ಧ ಜನ ದಾಟಿದ್ದರು, ಅಷ್ಟರಲ್ಲಿ ಜೀಪು ಬಂದು ನಿಂತಿತು, ಅಷ್ಟೆ. ಇದು ನಿನಗೆ ಹೇಗೆ ಗೊತ್ತಾಯಿತೆಂದು ಕೇಳಿದೆವು. "ನಮ್ಮ ಕುರಿ ರೋಡ್ ದಾಟುವಾಗ ಲಾರಿಯವ್ರು ನಡುವ ನುಗ್ಗಿಸ್ತಾರ್ರಿ ಸರ. ಮರಿ ಆ ಕಡೆ ಉಳಿದ್ರ ತಾಯಿ ಹಿಂಗ ಒದರ್ತೈತ್ರಿ" ಎಂದ. ಆಮೇಲೆ ಸ್ವಲ್ಪ ತಡೆದು, "ಜೀಪ್ ಹಿಂದ ತಗೊಳ್ಳಾಕ ಬರ್ತಿರಲಿಲ್ಲೇನ್ರಿ?" ಎಂದು ಕೇಳಿದ. ಬರುತ್ತಿತ್ತು ಎಂದೆವು. ಆ ಜೀಪಿನಲ್ಲಿ ಇದ್ದವರು ನಾವೇ ಎಂದು ಮಾತ್ರ ಹೇಳಲಿಲ್ಲ.

2025ರ ನವೆಂಬರಿನಲ್ಲಿ, ಹುಲಿ ದಾಳಿಗಳ ನಂತರ, ಸರ್ಕಾರ ಬಂಡೀಪುರ ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸಿತು. ಆ ದಿನಗಳಲ್ಲೇ ಬೆಂಗಳೂರಿನ ನೆಂಟರೊಬ್ಬರು ನಮಗೊಂದು ವಿಡಿಯೊ ಕಳಿಸಿದರು. ಹನ್ನೆರಡು ಸೆಕೆಂಡು. ಲಂಟಾನದ ಪೊದೆಯ ಅಂಚು ನೋಡಿ ಗುರುತು ಹತ್ತಿತು, ನಮ್ಮದೇ. ಕೆಳಗೆ ಯಾರೋ ಕೇರಳದ ಕಾಡೆಂದು ಬರೆದಿದ್ದರು, ಕೊಲೆಗಾರ ಸಲಗ ಎಂದೂ ಬರೆದಿದ್ದರು. ಸಂಗೀತ ಬೇರೆಯದಾಗಿತ್ತು. ಖಾಲಾಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಅವರಿಗೆ ತೋರಿಸಲಿಲ್ಲ.